ಸೂಜಿ ಸಿಸ್ಟರ್‌ನ ಗೇರ್‌ಬಾಕ್ಸ್

ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುತ್ತ, ಎಲ್ಲರ ಬಾಯಲ್ಲೂ ಸೂಜಿ ಸಿಸ್ಟರ್ ಆಗಿಬಿಟ್ಟಿದ್ದಳು. ಅಪ್ಪ ಅಮ್ಮನನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ದಾಟಿತು. ಆಮೇಲೆ ಕೇಳಿಕೊಂಡು ಬರುವವರು ಬರಲಿಲ್ಲ, ಅವಳೂ ದಾರಿ ನೋಡಲಿಲ್ಲ. ಈಗ ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ, ದೂರದಲ್ಲೊಬ್ಬ ತಮ್ಮ, ನಿವೃತ್ತಿಯ ಹಣದಲ್ಲಿ ಕೊಂಡ ಒಂದು ಚಿಕ್ಕ ಕಾರು. ಕ್ಲಚ್ ತುಳಿಯುವ ಕಷ್ಟವಿಲ್ಲದ, ಗೇರು ತಾನೇ ಬದಲಾಗುವ ಕಾರು. ಮಂಡಿನೋವಿನಿಂದ ಬಸ್ಸು ಹತ್ತಲಾಗದವಳಿಗೆ ಅದೇ ಕಾಲು.

ಅವಳ ಸೂಜಿ ನೋಯುವುದಿಲ್ಲ ಎಂಬ ಮಾತಿತ್ತು. ಅದರ ಗುಟ್ಟೇನೂ ದೊಡ್ಡದಲ್ಲ. ತೋಳಿಗೆ ಸ್ಪಿರಿಟ್ ಹಚ್ಚುತ್ತ, "ಏನಜ್ಜಾ, ಇವತ್ತು ಸೊಸೆ ಬೈದ್ಲೋ, ನೀವೇ ಬೈದ್ರೋ?" ಎಂದು ಶುರು ಮಾಡುವಳು. ಅಜ್ಜ ಉತ್ತರ ಹುಡುಕುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇನ್ನೇನಾದ್ರೂ ಬೇಕಿತ್ತಾ?" ಎನ್ನುವಳು. "ಏನೂ ಇಲ್ಲಮ್ಮ" ಎಂಬ ಮಾತು ಬರುವ ಹೊತ್ತಿಗೆ ಅವಳು ಗೇಟಿನ ಹತ್ತಿರ ಇರುತ್ತಿದ್ದಳು.

ಒಂದು ಬೆಳಿಗ್ಗೆ ಕಾರು ನಡುರಸ್ತೆಯಲ್ಲಿ ನಿಂತಿತು. ಎಂಜಿನ್ ಗುರುಗುಟ್ಟುತ್ತಿದೆ, ಚಕ್ರ ಮಾತ್ರ ಅಲ್ಲಾಡದು. ಕಂಪನಿಯ ವರ್ಕ್‌ಶಾಪಿಗೆ ಎಳೆದುಕೊಂಡು ಹೋದರು.

"ಗೇರ್‌ಬಾಕ್ಸ್ ಹೋಗಿದೆ ಸಿಸ್ಟರ್, ಹೊಸದೇ ಹಾಕ್ಬೇಕು" ಎಂದ ಅಲ್ಲಿನ ಮೇಸ್ತ್ರಿ.

"ವಾರಂಟಿ ಇದೆಯಲ್ಲಪ್ಪ?"

"ಹೋದ ತಿಂಗಳೇ ಮುಗೀತು."

ಖರ್ಚು ಎಷ್ಟೆಂದು ಕೇಳಿ ಅವಳು ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟಳು.

"ಏಳಿ, ಬಟ್ಟೆ ಮಸಿಯಾಗುತ್ತೆ. ನೋಡಿ, ವಾರಂಟಿ ಮುಗಿದ್ರೂ ಕಂಪನಿಯವ್ರು ಒಂದೊಂದ್ಸಲ ಖರ್ಚಲ್ಲಿ ಪಾಲು ಹಾಕ್ಕೊಳ್ತಾರೆ. ಕೊಡಲೇಬೇಕು ಅಂತೇನಿಲ್ಲ, ಅವರ ಮನಸ್ಸು. ಜಗಳ ಆಡಿದ್ರೆ ನಿಮ್ಮ ವಿಷಯ ವಕೀಲರ ಮೇಜಿಗೆ ಹೋಗಿ ಕೂತ್ಕೊಳ್ಳುತ್ತೆ. ಮೆತ್ತಗೆ ಕೇಳಿ, ಆದ್ರೆ ಬಿಡ್ಬೇಡಿ. ಅತ್ರೆ ತಾನೇ ಅಮ್ಮನೂ ಹಾಲು ಕೊಡೋದು?"

ತಮ್ಮ ಫೋನಿನಲ್ಲಿ ಬೇರೆಯೇ ರಾಗ ತೆಗೆದ. "ಅಕ್ಕಾ, ಗುಜರಿಗೆ ಹಾಕು. ಈ ವಯಸ್ಸಲ್ಲಿ ನಿನಗ್ಯಾಕೆ ಕಾರು? ಆರಾಮಾಗಿ ಮನೇಲಿರು."

"ಆರಾಮಾಗಿದ್ದು ಏನ್ ಮಾಡ್ಲೋ?"

"ಟಿವಿ ನೋಡು."

ಅವಳಿಗೆ ಮನೆಗಳನ್ನು ಗೊತ್ತುಮಾಡಿಕೊಡುತ್ತಿದ್ದ ಔಷಧಿ ಅಂಗಡಿಯವನು ಬೈಕಿನಲ್ಲಿ ಓಡಾಡುವ ಒಬ್ಬ ಗಂಡು ನರ್ಸನ್ನು ಆ ಮನೆಗಳಿಗೆ ಕಳಿಸತೊಡಗಿದ. "ಇಂಜೆಕ್ಷನ್ ನಿಲ್ಸೋಕಾಗುತ್ತಾ ಸಿಸ್ಟರ್? ಬೇಗ ಕಾರು ಸರಿಮಾಡಿಸ್ಕೊಳ್ಳಿ. ಜನ ಅವನಿಗೆ ಒಗ್ಗಿಹೋದ್ರೆ ಆಮೇಲೆ ನನ್ನ ಬೈಬೇಡಿ."

ಮನೆಯಲ್ಲಿ ಕೂತವಳಿಗೆ ಮೇಲಿನವರು ಕುರ್ಚಿ ಎಳೆಯುವುದು, ಪಕ್ಕದ ಮನೆಯ ನಲ್ಲಿ ಸೋರುವುದು, ಎಲ್ಲ ಕೇಳಿಸತೊಡಗಿತು. ಒಂದು ಮಧ್ಯಾಹ್ನ ತನ್ನ ದನಿಯನ್ನೇ ಕೇಳಿ ಎಷ್ಟು ಹೊತ್ತಾಯಿತೋ ಎನಿಸಿ, ಸುಮ್ಮನೆ ಕೆಮ್ಮಿ ನೋಡಿದಳು.

ಆಗಲೇ, ಮೇಸ್ತ್ರಿ ಹೇಳಿದಂತೆ ಅವಳು ಕೊಟ್ಟಿದ್ದ ದೂರಿಗೆ, ಕಂಪನಿಯ ಗ್ರಾಹಕ ಸೇವೆಯ ಹುಡುಗಿಯ ಫೋನು ಬಂದದ್ದು. ದನಿ ಬಹಳ ಮೆದು. ಊಟ ಆಯ್ತಾ ಮೇಡಂ ಎಂದಳು, ಇಷ್ಟು ವರ್ಷ ನಮ್ಮ ಜೊತೆ ಇದ್ದೀರಿ ಎಂದಳು, ನಿಮ್ಮ ತೊಂದರೆ ಅರ್ಥವಾಗುತ್ತೆ ಎಂದಳು. ಸಿಸ್ಟರ್ ಕೇಳುತ್ತ ಕೇಳುತ್ತ ನಕ್ಕುಬಿಟ್ಟಳು.

"ಮಗಳೇ, ಸೂಜಿ ಚುಚ್ಚೋಕೆ ಮುಂಚೆ ನಾನೂ ಹೀಗೇ ಮಾತಾಡ್ತೀನಿ. ಚುಚ್ಚಿಬಿಡು."

ಆ ಕಡೆ ಹುಡುಗಿಯೂ ನಕ್ಕಳು. ಈ ಸಲ ಕಂಪನಿಯ ನಗುವಲ್ಲ. "ಆಗಲ್ಲ ಅಂತ ಹೇಳೋಕೇ ಫೋನ್ ಮಾಡಿದ್ದೆ ಮೇಡಂ. ಎಲ್ಲಾ ಸರ್ವಿಸ್ ನಮ್ಮಲ್ಲೇ ಮಾಡ್ಸಿದೀರ, ಸರಿ. ಆದ್ರೆ ಒಂದು ಸರ್ವಿಸ್ ತುಂಬಾ ತಡ ಆಗಿದೆ. ಮೇಲಿನವ್ರು ಅದನ್ನೇ ಹಿಡ್ಕೊಂಡಿದಾರೆ."

ಮರೆತೆ ಎಂದೋ, ಕಾಯಿಲೆಯಾಗಿತ್ತು ಎಂದೋ ಹೇಳಬಹುದಿತ್ತು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. "ಆವಾಗ ಒಬ್ಬ ಅಜ್ಜ ಹೋಗೋ ಸ್ಥಿತೀಲಿದ್ರು. ಹಗಲೂ ರಾತ್ರಿ ನೋವಿನ ಇಂಜೆಕ್ಷನ್. ಕಾರು ಅವರ ಗೇಟಿನ ಮುಂದೇನೇ ನಿಂತಿತ್ತು, ಎಲ್ಲೂ ಓಡ್ಲಿಲ್ಲ. ಓಡದ ಕಾರಿಗೆ ಏನು ಸರ್ವಿಸ್ ಅಂದ್ಕೊಂಡೆ. ತಪ್ಪಿದ್ರೂ ಇರ್ಬಹುದು."

"ಇದನ್ನ ಹೀಗೇ ಬರೀಲಾ?"

"ಬರಿ. ಸುಳ್ಳೇನಲ್ವಲ್ಲ."

ಗೇರ್‌ಬಾಕ್ಸ್ ಕೆಟ್ಟದ್ದು ಸರ್ವಿಸ್ ತಡವಾದದ್ದರಿಂದಲ್ಲ, ಒಳಗಿನ ದೋಷದಿಂದ ಎಂದು ಮೇಸ್ತ್ರಿಯ ಕೈಲಿ ಬರೆಸಿ ಕಳಿಸಿ ಎಂದು ಹುಡುಗಿಯೇ ಹೇಳಿಕೊಟ್ಟಳು. ಮೇಸ್ತ್ರಿ ಬರೆದುಕೊಟ್ಟ. ಆಮೇಲೆ ಹುಡುಗಿ ಮಧ್ಯಾಹ್ನದ ಹೊತ್ತು ಆಗಾಗ ಫೋನು ಮಾಡುತ್ತಿದ್ದಳು: ಮೇಲಕ್ಕೆ ಹೋಗಿದೆ ಮೇಡಂ, ಸಾಹೇಬರು ನೋಡ್ತಿದಾರೆ ಮೇಡಂ. ಕೆಲಸ ಆಗುವುದೂ ಇಲ್ಲ, ಕೈಬಿಟ್ಟು ಹೋಗುವುದೂ ಇಲ್ಲ. ಆದರೂ ಆ ಹೊತ್ತಿಗೆ ಸಿಸ್ಟರ್ ತಲೆ ಬಾಚಿಕೊಂಡು, ಟಿವಿ ಆರಿಸಿ, ಫೋನಿನ ಪಕ್ಕ ಕೂರುವುದು ರೂಢಿಯಾಯಿತು. ಹುಡುಗಿಗೆ ನೆಗಡಿಯಾದ ದಿನ ಬಿಸಿನೀರಿನ ಹಬೆ ತೆಗೆದುಕೋ ಎಂದಳು.

ಕೊನೆಗೆ ಹುಡುಗಿ ಕುಣಿಯುವ ದನಿಯಲ್ಲಿ ಹೇಳಿದಳು: "ಆಯ್ತು ಮೇಡಂ! ಗೇರ್‌ಬಾಕ್ಸ್ ಕಂಪನೀದು, ಕೂಲಿ, ಆಯಿಲ್ ನಿಮ್ದು."

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ."

"ಹಾಗಾದ್ರೆ ಈ ದೂರು ಕ್ಲೋಸ್ ಮಾಡ್ಲಾ?"

ಸಿಸ್ಟರ್ ತಡವರಿಸಿದಳು. "ಎರಡು ದಿನ ಇರ್ಲಿ ಬಿಡಮ್ಮ. ಅವಸರ ಏನು?"

"ಆಗಲ್ಲ ಮೇಡಂ, ಇವತ್ತೇ ಮುಗಿಸ್ಬೇಕು. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಆ ಮಾತಿನ ಹಿಂದೆಯೇ ಹುಡುಗಿಗೆ ಬಂದ ಮುಂದಿನ ಫೋನು ಗುಣುಗುಟ್ಟುವುದು ಸಿಸ್ಟರಿಗೆ ಕೇಳಿಸಿತು. ಚಪ್ಪಲಿ ಮೆಟ್ಟುವ ಸದ್ದಿನ ಹಾಗೆ.

"ಏನೂ ಇಲ್ಲಮ್ಮ" ಎಂದಳು.

ಕಾರು ಬಂತು. ಕೆಲವು ಮನೆಗಳು ಬೈಕಿನವನ ಪಾಲಾಗಿದ್ದವು, ಉಳಿದವು ಇವಳಿಗೆ. ಮೊದಲ ದಿನ ಸೊಂಟ ಮುರಿದುಕೊಂಡ ಅಜ್ಜಿಯ ಮನೆ. ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಪಟ್ಟಿ ಕಟ್ಟಿ, ಕೈ ತೊಳೆದು, ಬಾಗಿಲಿಗೆ ಬಂದು ಒಂದು ಕಾಲಿಗೆ ಚಪ್ಪಲಿ ಮೆಟ್ಟುತ್ತ, "ಇನ್ನೇನಾದ್ರೂ ಬೇಕಿತ್ತಾ ಅಜ್ಜಿ?" ಎಂದಳು.

"ಏನೂ ಇಲ್ಲಮ್ಮ."

ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ಬಂದು, ಕಾರಿನ ಕೀಲಿ ಹಿಡಿದೇ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಏನಾದ್ರೂ ಮರೆತ್ಯಾ?" ಎಂದಳು ಅಜ್ಜಿ.

"ಇಲ್ಲ" ಎಂದಳು. ಎಂದೂ ಮಾತಿಗೆ ತಡಕಾಡದವಳಿಗೆ, ಕೈಯಲ್ಲಿ ಸೂಜಿಯಿಲ್ಲದಾಗ ಏನು ಮಾತಾಡಬೇಕೆಂದೇ ಹೊಳೆಯಲಿಲ್ಲ. ಫ್ಯಾನು ತಿರುಗುತ್ತಿತ್ತು. ಅಜ್ಜಿ ಹಾಸಿಗೆಯ ಮೇಲೆ ಕೈ ಸರಿಸಿ, ಕಾರಿನ ಕೀಲಿ ಇಡಲು ಒಂದಿಷ್ಟು ಜಾಗ ಮಾಡಿಕೊಟ್ಟಳು.