ಕಿವಿಯ ದೋಷವಲ್ಲ

ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಅವಳ ಕ್ಯಾಸೆಟ್ ಹಾಕುತ್ತೇನೆ. ಓಣಿಯ ಮಕ್ಕಳಿಗೆ ಅವಳು ಮಗ್ಗಿ ಹೇಳಿಕೊಟ್ಟದ್ದು ಅದರಲ್ಲಿದೆ. ಈ ಬೇಸಿಗೆಯ ಒಂದು ಭಾನುವಾರ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿತು. ಅವಳ ಮೆಲುದನಿ ಅದರೊಳಗೆ ಮುಳುಗಿತು.

ಸಿರುಗುಪ್ಪದ ರಿಪೇರಿ ಅಂಗಡಿಗೆ ಎರಡು ಸಲ ಹೊತ್ತುಕೊಂಡು ಹೋದೆ. ಎರಡು ಸಲವೂ ಅಲ್ಲಿ ಅದು ಮೌನವಾಗಿತ್ತು.

“ಮಷಿನ್ ಚೊಕ್ಕ ಐತ್ರಿ, ಸರ. ಗುಂಯ್ ಅನ್ನೋದು ನಿಮ್ಮ ಕಿವ್ಯಾಗ,” ಎಂದ ಮೆಕ್ಯಾನಿಕ್. ಕೂತಿದ್ದ ಗಿರಾಕಿಗಳು ನಕ್ಕರು. “ಮನ್ಯಾಗ ಒಬ್ಬರೇ ಇರ್ತೀರಿ. ಹಂಗ ಕೇಳಿಸ್ತೈತ್ರಿ.”

ಶಾಲೆಯಲ್ಲಿ ಮೇಷ್ಟ್ರಾಗಿದ್ದವನು ನಾನು; ನಲವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ತಪ್ಪಿದವರು ಯಾರೆಂದು ಹಿಡಿಯುವ ಕಿವಿ ನನ್ನದು. ಮೈ ಉರಿಯಿತು.

“ಗಾಡಿ ಹತ್ತು. ಮನಿಗೆ ಬಂದು ಕೇಳು,” ಎಂದೆ.

ಬಂದ. ಕೇಳಿದ. ಆಂಪ್ಲಿಫೈಯರಿನ ತಗಡಿನ ಮೇಲೆ ಅಂಗೈ ಇಟ್ಟಾಗ ಸದ್ದು ತಗ್ಗಿತು. ನೆಟ್ಟಗೆ ಹಿತ್ತಲಿಗೆ ಹೋಗಿ, ಮನೆಯ ಕರೆಂಟಿನ ಅರ್ಥಿಂಗ್ ತಂತಿ ಇಳಿದಿರುವ ಗುಂಡಿಯ ಮುಂದೆ ಕೂತ. ಮಣ್ಣು ಬಿರಿದಿತ್ತು.

“ಒಣಗಿಬಿಟ್ಟೈತ್ರಿ. ಹಸಿ ಇಲ್ಲಂದ್ರ ಅರ್ಥಿಂಗ್ ಸಿಗೂದಿಲ್ಲ, ಅದಕ್ಕ ಗುಂಯ್ ಅಂತೈತಿ. ಬ್ಯಾಸಗ್ಯಾಗ ಇದಕ್ಕ ನೀರು ಯಾರು ಹಾಕ್ತಿದ್ರು?”

“ನಮ್ಮ ಮನಿಯವರು.”

ಕಿವಿಯ ಬಗ್ಗೆ ಆಡಿದ ಮಾತಿಗೆ ಅವನು ಕ್ಷಮೆ ಕೇಳಲಿಲ್ಲ; ಕೊಡ ಕೇಳಿದ.

ಗುಂಡಿ ಐದು ಕೊಡ ನೀರು ಕುಡಿಯಿತು. ಒಳಗೆ ಗುಂಯ್ ನಿಂತು, ಅವಳ ಮಗ್ಗಿ ಕೇಳಿಸಿತು.