ಅಕ್ಕ ಬೆಳಗುತ್ತಿದ್ದ ಗಾಜಿನ ಬೋಗುಣಿ

ಬಾವ ತೀರಿಕೊಂಡ ಮೇಲೆ ಅಕ್ಕ ಪಟಾನ್‌ಚೆರುವಿನ ಬಾಡಿಗೆ ಖೋಲಿ ಬಿಟ್ಟು ತಾರ್ನಾಕದ ನನ್ನ ಮನೆಗೆ ಬಂದಳು. ಗಂಟುಮೂಟೆಯನ್ನೆಲ್ಲ ನನ್ನ ಕೈಗೆ ಕೊಟ್ಟು, ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಒಂದು ದುಂಡು ಗಾಜಿನ ಬೋಗುಣಿ ಹಿಡಿದು ಕೂತಿದ್ದಳು. ಅದರಲ್ಲಿ ಎರಡು ಬಂಗಾರದ ಮೀನು. ಬಾವ ಹಾಸಿಗೆ ಹಿಡಿಯುವ ಮೊದಲು ತಂದುಕೊಟ್ಟವು. ಮಕ್ಕಳಿಲ್ಲದ ಮನೆ, ಮಾತಾಡಿಸಲು ಏನಾದರೂ ಇರಲಿ ಎಂದಿದ್ದರಂತೆ.

ಅಕ್ಕ ಮೀನುಗಳನ್ನು ನಿಜಕ್ಕೂ ಮಾತಾಡಿಸುತ್ತಿದ್ದಳು. ನನ್ನನ್ನು ಅಷ್ಟಾಗಿ ಇಲ್ಲ. ಬಾವನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಿದ್ದನ್ನೂ ನಾನು ಕಂಡಿರಲಿಲ್ಲ.

ನಮ್ಮದು ರಾಯಚೂರಿನ ಕಡೆಯ ಮನೆತನ. ನಳಕ್ಕೆ ನೀರು ಬಂದ ದಿನ ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ತುಂಬಿದರೇ ಅವ್ವನಿಗೆ ಸಮಾಧಾನ. ಹಳೆಯದು ಎಷ್ಟೇ ತಿಳಿಯಾಗಿರಲಿ, ಹಳಸಿದ್ದೇ, ಬಾಸಿ ಎಂದರೆ ಬಾಸಿ. ಅಕ್ಕ ಆ ಪದ್ಧತಿಯನ್ನು ಬೋಗುಣಿಗೂ ಹಚ್ಚಿದ್ದಳು. ನಳದ ಸದ್ದಾದರೆ ಸಾಕು, ಮೀನುಗಳನ್ನು ಚೊಂಬಿಗೆ ಬಿಟ್ಟು, ಬೋಗುಣಿಯನ್ನೂ ಒಳಗಿನ ಕಲ್ಲುಗಳನ್ನೂ ಥಳಥಳ ಬೆಳಗಿ, ನಳದ ನೀರನ್ನು ನೇರ ತುಂಬುತ್ತಿದ್ದಳು. ಬಿಸಿಲು ಏರುತ್ತಿದ್ದಂತೆ ಒಂದು ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಸತ್ತು ತೇಲುತ್ತಿತ್ತು.

"ಇಷ್ಟು ಸ್ವಚ್ಛ ಇಟ್ರೂ ಹಿಂಗ್ಯಾಕಾತು?" ಎಂದು ಅಕ್ಕ ಕೇಳಿದಳು.

ನಾನು ನಾರಾಯಣಗೂಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮೀನಿನ ಹೊಲಸಿನಿಂದ ನೀರಿಗೆ ಅಮೋನಿಯ ಸೇರುತ್ತದೆ. ದೊಡ್ಡ ತೊಟ್ಟಿಯಾದರೆ ಅದು ಹರಡಿ ತೆಳುವಾಗುತ್ತದೆ, ಕಲ್ಲು ಗಾಜಿಗೆ ಅಂಟಿದ ಸೂಕ್ಷ್ಮಜೀವಿಗಳು ಅದನ್ನು ಅಷ್ಟು ವಿಷವಲ್ಲದ್ದಾಗಿ ಮಾರ್ಪಡಿಸುತ್ತವೆ. ಬೋಗುಣಿಯಲ್ಲಿ ಅಷ್ಟು ನೀರೇ ಇಲ್ಲ. ಬದಲಿಸದೆ ಬಿಟ್ಟರೆ ವಿಷ, ಪೂರ್ತಿ ಬದಲಿಸಿದರೆ ನಳದ ಕ್ಲೋರಿನ್. ತಿಕ್ಕಿ ಬೆಳಗಿದರೆ ಆ ಜೀವಿಗಳೂ ಹೋದವು. ಇದನ್ನೆಲ್ಲ ಹೇಳಿದರೆ ಅಕ್ಕನ ಕಿವಿಗೆ ಬೀಳುವುದು ಒಂದೇ ಮಾತು: ನೀನೇ ಕೊಂದೆ. ಮುಖ ನೋಡಿ ಮಾತಾಡುವ ಜಾಯಮಾನ ನನ್ನದಲ್ಲ, ಕಾಲೇಜಿನಲ್ಲಿ ಎಲ್ಲರೂ ನನ್ನ ಬಾಯಿಗೆ ಹೆದರುತ್ತಾರೆ. ಆದರೂ ಅವತ್ತು ನಿಜ ಬಿಟ್ಟು ಬೇರೆಯೇ ಹೇಳಿದೆ.

"ಅದಕ್ಕ ವಯಸ್ಸಾಗಿತ್ತಕ್ಕ" ಎಂದೆ.

ಇನ್ನೊಂದನ್ನಾದರೂ ಉಳಿಸಬೇಕಿತ್ತು. ಅದೂ ಹೋದರೆ ಅಕ್ಕ ಪೂರ್ತಿ ಮಾತು ಬಿಡುತ್ತಾಳೆಂದು ನನಗೆ ಭಯವಿತ್ತು. ಪುಸ್ತಕದ ಕಪಾಟನ್ನು ಒಳಕೋಣೆಗೆ ತಳ್ಳಿ, ಆ ಗೋಡೆಯುದ್ದಕ್ಕೂ ದೊಡ್ಡ ತೊಟ್ಟಿ ಇಡಿಸಿ, ನೀರು ತುಂಬಿ, ಗಾಳಿಯ ಪಂಪು ಹಚ್ಚಿ, ನಳದ ಕ್ಲೋರಿನ್ ಹಾರಿಹೋಗಲೆಂದು ಕೆಲವು ದಿನ ಹಾಗೇ ಬಿಟ್ಟೆ.

"ಇಷ್ಟು ದೊಡ್ಡದ್ಯಾಕ? ಎಮ್ಮಿ ಸಾಕಾಕತ್ತೀಯೇನು?" ಎಂದಳು ಅಕ್ಕ.

"ನೀರು ಭಾಳ ಇದ್ರ ಅದಕ್ಕ ಉಸಿರು ಹಗುರಾಕೈತಿ."

ಮೀನು ಬಿಡುವ ದಿನ ಬಂತು. ಅಕ್ಕ ಬೋಗುಣಿಯ ಕಲ್ಲುಗಳನ್ನು ಬಾಚಿಕೊಂಡು ನಳದ ಕಡೆ ಹೊರಟಳು.

"ತೊಳೀಬ್ಯಾಡ, ಹಂಗೇ ಹಾಕು" ಎಂದುಬಿಟ್ಟೆ.

"ತೊಳದ್ರ ಏನಾಕೈತಿ?"

"ಕಲ್ಲಿಗಂಟಿದ್ದು ಹೋದ್ರ ಮೀನಿಗೆ ತ್ರಾಸಾಕೈತಿ" ಎಂದೆ. ಅಕ್ಕನಿಗೆ ಅಷ್ಟೇ ಸಾಕಾಯಿತು. ಕಲ್ಲು ಹಿಡಿದುಕೊಂಡೇ ನೆಲದ ಮೇಲೆ ಕೂತಳು.

"ಹಂಗಾರ ಅದಕ್ಕ ವಯಸ್ಸಾಗಿರಲಿಲ್ಲ" ಎಂದಳು. ಆಮೇಲೆ, "ಆ ಖೋಲ್ಯಾಗ ಕಿಟಕಿನೂ ನಾನೇ ಮುಚ್ಚತಿದ್ದೆ, ಧೂಳು ಬರತೈತಿ ಅಂತ. ಮೂಲಿ ಮೂಲಿ ತಿಕ್ಕತಿದ್ದೆ. ಅವರು ಎದ್ದು ಕೂತು ಆ ಮೀನಿನಂಗ ಬಾಯಿ ತೆರೀತಿದ್ರು" ಎಂದಳು.

ಇಷ್ಟು ದಿನ ಅವಳು ನುಂಗಿಕೊಂಡಿದ್ದು ಇದು. ಇಲ್ಲಕ್ಕ, ಮೀನಿಗೆ ವಯಸ್ಸೇ ಆಗಿತ್ತು ಎಂದು ಇನ್ನೊಮ್ಮೆ ಹೇಳಬಹುದಿತ್ತು. ಆದರೆ ಆ ಸುಳ್ಳು ಹೇಳಿದ ಬಾಯಿಂದ ಬಾವನ ಬಗ್ಗೆ ಏನು ಹೇಳಿದರೂ ಅವಳು ನಂಬುತ್ತಿರಲಿಲ್ಲ.

ಅವಳ ಪಕ್ಕ ಕೂತೆ. "ಮೀನು ನಿನ್ನ ಕೈಯಿಂದನ ಹೋತಕ್ಕ. ನಾ ಸುಳ್ಳು ಹೇಳಿದ್ದೆ. ಬಾವ ನಿನ್ನ ಕೈಯಿಂದ ಹೋಗ್ಲಿಲ್ಲ. ಅವರ ಹೃದಯದ ಕವಾಟ ಸಣ್ಣಂದಿನಿಂದನ ಕೆಟ್ಟಿತ್ತು. ಕಿಟಕಿ ತೆರೆದಿದ್ರೂ ಅದ ಆಗತಿತ್ತು. ಡಾಕ್ಟರ್ ಹೇಳೂವಾಗ ನಾ ಅಲ್ಲೇ ನಿಂತಿದ್ದೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಖರೇನ?"

"ಮೀನಿಂದು ಹೆಂಗ ಖರೇನೋ, ಇದೂ ಹಂಗ ಖರೇ."

ಅಕ್ಕ ಅತ್ತಳು. ಬಾವ ಹೋದ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ. ಅತ್ತು ಮುಗಿದ ಮೇಲೆ ಕಲ್ಲುಗಳನ್ನು ತೊಳೆಯದೆ ಒಂದೊಂದಾಗಿ ತೊಟ್ಟಿಗಿಳಿಸಿ, ಮೀನನ್ನು ಮೆಲ್ಲಗೆ ಬಿಟ್ಟಳು.

ಮುಂದಿನ ಸಲ ನಳಕ್ಕೆ ನೀರು ಬಂದಾಗ ಅಕ್ಕ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಕೊಡಗಳನ್ನಷ್ಟೇ ಬೆಳಗಿದಳು. ಆಮೇಲೆ ಹೋಗಿ ಕಿಟಕಿ ತೆರೆದಳು.