ಪಾಠಕ್ಕೆ ಮೊದಲೇ ಬರೆದ ಅನುಭವ

ಮಂಗಳವಾರದ ಪಾಠದ ಅನುಭವವನ್ನು ಆಸ್ಗೆರ್ದುರ್ ಸೋಮವಾರವೇ ಬರೆದು ತನ್ನ ತರಬೇತಿ ಕಾಲೇಜಿಗೆ ಕಳಿಸಿಬಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರಿದ್ದಾರೆ. ಇವಳು ಕೂಸಿನ ಮೊದಲ ಹೆಜ್ಜೆಯನ್ನೂ ವರ್ಣಿಸಿ ಮುಗಿಸಿದ್ದಳು. ‘ತರಗತಿಯಲ್ಲಿ ತಂತ್ರಜ್ಞಾನ: ನನ್ನ ಚಿಂತನೆ’ ಎಂಬ ಆ ನಾಲ್ಕು ಪುಟಗಳಲ್ಲಿ ಮಕ್ಕಳ ಕಣ್ಣುಗಳು ಎರಡು ಸಲ ಹೊಳೆದಿದ್ದವು.

ಅವಳಿನ್ನೂ ಟೀಚರಾಗಬೇಕಾದವಳು. ಐಸ್‌ಲ್ಯಾಂಡಿನ ಪಶ್ಚಿಮದಂಚಿನ ಮೀನುಗಾರರ ಊರಿನ ಶಾಲೆಯಲ್ಲಿ ಅದು ಅವಳ ತರಬೇತಿಯ ಕೊನೆಯ ವಾರ. ಮೂವತ್ತೊಂದು ವರ್ಷದಿಂದ ಅಲ್ಲಿ ಹೆಣಿಗೆ ಕಲಿಸುತ್ತಿದ್ದ ಸ್ಟೇನ್ವೋರ್ ಸಹಿ ಹಾಕಿದರೆ ಪಾಸು. ಇಲ್ಲದಿದ್ದರೆ ಇನ್ನೊಂದು ಚಳಿಗಾಲ.

ಮಂಗಳವಾರದ ಪಾಠ ಕಾಲುಚೀಲದ ಹಿಮ್ಮಡಿ. ಉದ್ದಕ್ಕೆ ಕೊಳವೆಯಂತೆ ಹೆಣೆಯುವುದು ಯಾರಿಗಾದರೂ ಬಂದೀತು, ಬುದ್ಧಿ ಬೇಕಾಗುವುದು ಹಿಮ್ಮಡಿಯಲ್ಲಿ. ಆಸ್ಗೆರ್ದುರ್‌ಗೆ ಎರಡೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇಲ್ಲವೆಂದು ಎರಡನೆಯ ಪುಟದಲ್ಲೇ ಬರೆದಿದ್ದಳು: ‘ಇಂದಿನ ಶಿಕ್ಷಕಿ ಕಲಿಸುವವಳಲ್ಲ, ದಾರಿ ತೋರುವವಳು.’ ದಾರಿ ತೋರಲು ಗೋಡೆಯಗಲದ ಪರದೆ, ಅದರ ಮೇಲೆ ಉಗುರಿಗೆ ಬಣ್ಣ ಹಚ್ಚಿದ ಎರಡು ಕೈಗಳ ವಿಡಿಯೊ.

ಕೈಗಳು ಚೆನ್ನಾಗಿಯೇ ಹೆಣೆದವು. ಹಿಮ್ಮಡಿಯ ಹೊತ್ತಿಗೆ ಸರಿಯಾಗಿ ಹೊರಗೆ ಗಾಳಿ ಎದ್ದಿತು, ನೆಟ್‌ವರ್ಕ್ ಹೋಯಿತು. ಪರದೆಯ ಕೈಗಳು ಹೆಣಿಗೆಯ ಕಡ್ಡಿ ಎತ್ತಿಕೊಂಡು ನಿಂತೇಬಿಟ್ಟವು. ಹದಿನಾಲ್ಕು ಮಕ್ಕಳೂ ಕಡ್ಡಿ ಎತ್ತಿಕೊಂಡು ಕೂತವು.

“ಈಗ ನೀನು ತೋರಿಸು, ಆಸ್ಗೆರ್ದುರ್,” ಅಂದಳು ಹನ್ನೊಂದು ವರ್ಷದ ಉಗ್ಲಾ. ಅಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯುವುದು.

“ತಾಳು, ಈಗ ಬರುತ್ತೆ.”

“ನಿನಗಾ, ವಿಡಿಯೊಗಾ?”

“ಮೊದಲು ನೀವೇ ಯೋಚಿಸಿ ನೋಡೋಣ,” ಎಂದು ಟೀಚರು ದಾರಿ ತೋರಿದಳು.

ಬೂಟುಗಳೆಲ್ಲ ಬಾಗಿಲ ಹೊರಗೆ. ಒಳಗೆ ಎಲ್ಲರೂ ಬರೀ ಕಾಲುಚೀಲದಲ್ಲಿ. ಉಗ್ಲಾ ಬಗ್ಗಿ ನೋಡಿದಳು. ಟೀಚರದು ಅಂಗಡಿಯ ಕಾಲುಚೀಲ, ತೂತಿನಿಂದ ಹಿಮ್ಮಡಿ ಇಣುಕುತ್ತಿತ್ತು.

“ಅಯ್ಯೋ, ನಿನಗೆ ಬರಲ್ಲ ಅಲ್ವಾ? ಬಾ, ಇಲ್ಲಿ ಕೂತ್ಕೋ. ನಮ್ಮಜ್ಜಿ ಹೇಳಿಕೊಟ್ಟಿದ್ದಾಳೆ. ಅರ್ಧ ಕುಣಿಕೆ ಹಾಗೇ ಬಿಡು. ಉಳಿದಿದ್ದರ ಮೇಲೆ ಹೋಗು ಬಾ, ಹೋಗು ಬಾ. ಅಳಬೇಡ, ಎಲ್ಲರಿಗೂ ಮೊದಲು ಸೊಟ್ಟಗೇ ಬರೋದು.”

“ನಾನೇನೂ ಅಳ್ತಿಲ್ಲ!”

ಹಿಂದಿನ ಕಿಟಕಿಯ ಬಳಿ ಸ್ಟೇನ್ವೋರ್ ಕಡ್ಡಿಗಳತ್ತ ನೋಡದೆಯೇ ಹೆಣೆಯುತ್ತಿದ್ದಳು. ಗಂಟೆ ಹೊಡೆದ ಮೇಲೆ ಕೇಳಿದಳು, “ಅನುಭವ ಯಾವಾಗ ಬರೀತೀಯ?”

“ನಿನ್ನೆನೇ ಕಳಿಸಿದೆ.”

ಸ್ಟೇನ್ವೋರಳ ಕಡ್ಡಿಗಳು ಅಂದು ಮೊದಲ ಸಲ ನಿಂತವು. “ನಿನ್ನೆನಾ? ಏನಂತ?”

“ತಂತ್ರಜ್ಞಾನದಿಂದ ಮಕ್ಕಳು... ಸ್ವಾವಲಂಬಿಗಳಾದರು ಅಂತ.”

“ಸುಳ್ಳೇನಲ್ಲ ಬಿಡು. ನಿನ್ನನ್ನೂ ಸಾಕ್ಕೊಂಡ್ರಲ್ಲ! ಸಹಿ ಬೇಕಾದ್ರೆ ಶುಕ್ರವಾರ ಒಂದು ಕಾಲುಚೀಲ ಹೆಣೆದು ತಾ. ಜೊತೆ ಕೇಳೋ ಅಷ್ಟು ಕ್ರೂರಿ ನಾನಲ್ಲ.”

ಸಂಜೆ ಗಾಳಿ ತಗ್ಗಿ ನೆಟ್‌ವರ್ಕ್ ಬಂತು. ಜೊತೆಗೇ ಕಾಲೇಜಿನ ಅಂಕ ಹಾಕುವ ಯಂತ್ರದ ಉತ್ತರ: ‘ಹತ್ತಕ್ಕೆ ಹತ್ತು. ಹೃದಯದಿಂದ ಬಂದ ಪ್ರಾಮಾಣಿಕ ಅನುಭವ.’ ಆಸ್ಗೆರ್ದುರ್‌ಗೆ ಅದನ್ನು ಯಾರಿಗೂ ತೋರಿಸಬೇಕೆನ್ನಿಸಲಿಲ್ಲ. ದೇವರು ಕೊಟ್ಟ ಹತ್ತು ಬೆರಳುಗಳಲ್ಲಿ ಕಡ್ಡಿ ಹಿಡಿದು, ಹೋಗು ಬಾ, ಹೋಗು ಬಾ ಎಂದು ಜಪಿಸುತ್ತ ಕೂತಳು. ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು.

ಶುಕ್ರವಾರ ಸ್ಟೇನ್ವೋರ್ ಆ ಕಾಲುಚೀಲವನ್ನು ತಾನು ನೋಡಲೇ ಇಲ್ಲ. ಉಗ್ಲಾಳ ಮಡಿಲಿಗೆ ಹಾಕಿ, “ನೀನು ಹೇಳಮ್ಮ. ನಿನ್ನ ಶಿಷ್ಯೆ,” ಅಂದಳು.

ಉಗ್ಲಾ ಒಳಗೆ ಕೈ ತೂರಿಸಿ, ಹಿಮ್ಮಡಿಯನ್ನು ಎರಡೂ ಕಡೆ ಜಗ್ಗಿ, ಹುಬ್ಬು ಗಂಟಿಕ್ಕಿಕೊಂಡು ಕುಣಿಕೆ ಎಣಿಸಿದಳು.

“ಸೊಟ್ಟಗಿದೆ,” ಅಂದಳು ಕೊನೆಗೆ. “ಆದ್ರೆ ಬಿಚ್ಚೋದೇನೂ ಬೇಡ.”

ಸ್ಟೇನ್ವೋರ್ ಪೆನ್ನು ಹುಡುಕತೊಡಗಿದಳು.